ಎರಡನೇ ಕೋಣೆಯ ವರ್ಷಗಳು

ಅವಳ ಹತ್ತು ಬೆರಳುಗಳಲ್ಲಿ ಒಂದಕ್ಕೂ ಸ್ಪರ್ಶವಿರಲಿಲ್ಲ. ಬೆರಳುಗಳು ಬಾಗುತ್ತಿದ್ದವು, ಹಿಡಿದದ್ದನ್ನು ಬಿಡುತ್ತಿರಲಿಲ್ಲ. ಆದರೆ ಏನನ್ನು ಹಿಡಿದಿವೆ ಎಂದು ಅವಳಿಗೆ ಹೇಳುತ್ತಿರಲಿಲ್ಲ. ಹದಿನೆಂಟು ವರ್ಷ ಮೈನಸ್ ಮೂವತ್ತಾರು ಡಿಗ್ರಿಯ ಕೋಣೆಯಲ್ಲಿ ಮಂಜುಗಡ್ಡೆ ಕೊಯ್ದದ್ದಕ್ಕೆ ಮೊದಲು ಎಡಗೈಯ ಕಿರುಬೆರಳು ಹೋಯಿತು, ಆಮೇಲೆ ಮಿಕ್ಕವು ಒಂದೊಂದಾಗಿ, ಬಾಡಿಗೆಯವರು ಗದ್ದಲವಿಲ್ಲದೆ ಮನೆ ಖಾಲಿ ಮಾಡಿದ ಹಾಗೆ. ಕೊನೆಗೆ ಉಳಿದಿದ್ದ ಬಲಗೈಯ ತೋರುಬೆರಳು ಎರಡು ವರ್ಷದ ಹಿಂದೆ ಹೋಯಿತು. ಯಾವ ದಿನ ಎಂದು ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ಒಲೆಯ ಹತ್ತಿರ ಏನೋ ಸೀದ ವಾಸನೆ ಬಂತು, ಪಾತ್ರೆಗಳ ಮುಚ್ಚಳವನ್ನೆಲ್ಲ ತೆಗೆದು ನೋಡಿದಳು. ಸೀಯುತ್ತಿದ್ದದ್ದು ಅವಳ ಬೆರಳು.

ಗಂಡನಿಗೆ ಗೊತ್ತಿತ್ತು. ಅವನು ದರ್ಜಿ, ಬೆರಳಿನ ಭಾಷೆ ತಿಳಿದವನು. ಒಂದು ಸಲ ಅವಳು ರವಿಕೆಗೆ ಗುಂಡಿ ಹಾಕಿಕೊಳ್ಳುವಾಗ ಕತ್ತು ಬಗ್ಗಿಸಿ ಗುಂಡಿಯನ್ನೇ ದಿಟ್ಟಿಸುತ್ತಿದ್ದುದನ್ನು ಕಂಡು ಹತ್ತಿರ ಬಂದು, ಕಣ್ಣು ಮುಚ್ಚು ಎಂದು ಹೇಳಿ, ಹತ್ತು ಬೆರಳಿಗೂ ಸೂಜಿ ಚುಚ್ಚಿ ನೋಡಿದ. ಅವಳು ಯಾವಾಗ ಶುರು ಮಾಡ್ತೀರಿ ಎಂದು ಕೇಳುವಷ್ಟರಲ್ಲಿ ಅವನು ಮುಗಿಸಿ ಸೂಜಿಯನ್ನು ಅಂಗಿಯ ಕಾಲರಿಗೆ ಸಿಕ್ಕಿಸಿಕೊಂಡಿದ್ದ. "ಆಫೀಸಲ್ಲಿ ಹೇಳ್ಬಿಡು," ಎಂದ. ಅವಳು ಹೇಳಲಿಲ್ಲ. ಹೇಳಿದರೆ ಗರಗಸದಿಂದ ಎಬ್ಬಿಸಿ ಗೇಟಿನ ಹತ್ತಿರ ಕೂರಿಸುತ್ತಾರೆ, ಬಂದವರ ಹೆಸರು ಬರೆಸಿಕೊಳ್ಳುವುದಕ್ಕೆ. ಅಲ್ಲಿ ಎಲ್ಲರೂ ಅವಳನ್ನು ಗರಗಸದಕ್ಕ ಎಂದೇ ಕರೆಯುತ್ತಿದ್ದರು, ಉಗ್ರಾಣದ ಮುಖ್ಯಸ್ಥೆ ಮೇಡಂ ಕೂಡ. ಗರಗಸ ತೆಗೆದರೆ ಬರೀ ಅಕ್ಕ ಉಳಿಯುತ್ತಾಳೆ. ಬೀದಿ ತುಂಬ ಇರುವ ಅಕ್ಕಂದಿರಲ್ಲಿ ಇನ್ನೊಬ್ಬಳು. ವರ್ಷಕ್ಕೊಮ್ಮೆ ವೈದ್ಯರು ಬಂದು ಕಣ್ಣು ಮುಚ್ಚಿಸಿ ಬೆರಳ ಮೇಲೆ ಹತ್ತಿಯ ಎಳೆ ಓಡಿಸಿ, ಈಗ ಯಾವ ಬೆರಳು ಎಂದು ಕೇಳುತ್ತಿದ್ದರು. ಅವಳು ರೆಪ್ಪೆಯ ಸಂದಿಯಿಂದ ನೋಡಿ ಉತ್ತರ ಹೇಳುತ್ತಿದ್ದಳು. ನಲವತ್ತಾರು ವರ್ಷದ ಹೆಂಗಸು ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದು. ಎರಡು ವರ್ಷವೂ ಪಾಸಾದಳು.

ಈ ಬೆಳಿಗ್ಗೆ ಎರಡು ದಿನದ ಬಿಸಿಗಾಳಿ ರಜೆ ಮುಗಿದಿತ್ತು. ಬೀದಿಯುದ್ದಕ್ಕೂ ಮನೆಯಿಂದ ಮನೆಗೆ ಕಟ್ಟಿದ್ದ ಬಿಳಿ ಪರದೆಗಳ ಕೆಳಗೆ ಜನ ಮತ್ತೆ ಓಡಾಡತೊಡಗಿದ್ದರು, ಜ್ವರ ಬಿಟ್ಟವರ ಹಾಗೆ, ಗೋಡೆಯ ಆಸರೆಯಲ್ಲಿ. ಉಗ್ರಾಣಕ್ಕೆ ಬಂದವಳೇ ಅವಳು ಮೊದಲು ಮಾಡುವ ಕೆಲಸವೆಂದರೆ ಎರಡೂ ಕೋಣೆಗಳ ಬಾಗಿಲಂಚಿನ ರಬ್ಬರನ್ನು ಬರಿಬೆರಳಿನಿಂದ ಮೇಲಿನಿಂದ ಕೆಳಗಿನವರೆಗೆ ಸವರುವುದು. ಒದ್ದೆಯಿದ್ದರೆ ಎಲ್ಲೋ ಬಿರುಕು ಬಿಟ್ಟಿದೆ, ಹೊರಗಿನ ಗಾಳಿ ಒಳಗೆ ನುಗ್ಗಿ ತಂಪು ಬಿಡುವ ಜಾಲರಿಯ ಮೇಲೆ ಹಿಮ ಕಟ್ಟುತ್ತಿದೆ ಎಂದರ್ಥ. ಒಣಗಿದ್ದರೆ ಸರಿ. ಇದಕ್ಕೊಂದು ಯಂತ್ರವಿತ್ತು, ಅದು ಕೆಟ್ಟು ಆರು ವರ್ಷವಾಗಿತ್ತು, ಅವಳ ಬೆರಳು ಅದಕ್ಕಿಂತ ಚೆನ್ನಾಗಿ ಹೇಳುತ್ತದೆ ಎಂದು ಯಾರೂ ರಿಪೇರಿ ಮಾಡಿಸಲಿಲ್ಲ. ಗೋಡೆಯ ಫೋನಿನ ಆ ತುದಿಯಲ್ಲಿ ಡಾಕ್ಟರು ಇರುತ್ತಿದ್ದರು. ಡಾಕ್ಟರು ಎಂದರೆ ಕಂಪ್ರೆಸರ್ ನೋಡಿಕೊಳ್ಳುವ ಮೆಕ್ಯಾನಿಕ್. ಉದ್ದನೆಯ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಯಂತ್ರಕ್ಕೂ ಇನ್ನೊಂದು ತುದಿಯನ್ನು ಕಿವಿಗೂ ಇಟ್ಟು, "ಇದಕ್ಕೆ ಉಬ್ಬಸ," "ಇದಕ್ಕೆ ಗ್ಯಾಸು," ಎಂದು ಹೇಳುತ್ತಿದ್ದುದರಿಂದ ಆ ಹೆಸರು.

"ಒಂದನೇ ಕೋಣೆ?"

"ಒಣ."

"ಎರಡನೇದು?"

ಅವಳು ಬೆರಳನ್ನು ಕಪ್ಪು ರಬ್ಬರಿನ ಮೇಲೆ ಎಳೆದಳು. ಕಣ್ಣಿಗೆ ಬೆರಳು ಹೋಗುವುದು ಕಾಣುತ್ತಿತ್ತು, ಇನ್ನೊಬ್ಬರ ಬೆರಳು ಹೋದ ಹಾಗೆ. "ಒಣ."

"ಬರ್ಕೊಂಡೆ. ನಿಮ್ಮ ಬೆರಳಿಗೊಂದು ವಿಮೆ ಮಾಡಿಸ್ಬೇಕು ನೋಡಿ ಅಕ್ಕ. ಹೋದ ಸಲ ಕೆರೆದು ಮೂರು ವಾರ ಆಯ್ತು, ಅವತ್ತಿಂದ ಒಂದೇ ರಾಗ, ಒಣ ಒಣ ಒಣ. ನಾನು ಮತ್ತೆ ಜಾಲರಿ ತೆಗೆದು ಹಿಮ ಕೆರೆಯೋ ಕೆಲಸಾನೇ ತಪ್ಪಿತು. ನಿಮ್ಮ ಪುಣ್ಯದಲ್ಲಿ ಬೆನ್ನು ನೆಟ್ಟಗಿದೆ."

ಅವಳಿಗೆ ಬೇರೆ ದಾರಿ ಇರಲಿಲ್ಲವೆಂದಲ್ಲ. ತೋರುಬೆರಳು ಹೋದ ಮೊದಮೊದಲು ಅವಳು ಅತ್ತಿತ್ತ ನೋಡಿ ಮಣಿಕಟ್ಟನ್ನು ರಬ್ಬರಿಗೆ ತಾಗಿಸಿ ಪರೀಕ್ಷಿಸುತ್ತಿದ್ದಳು. ಮಣಿಕಟ್ಟಿಗೆ ಎಲ್ಲವೂ ತಿಳಿಯುತ್ತಿತ್ತು. ಯಾವಾಗ ನೋಡಿದರೂ ಒಣಗಿಯೇ ಇರುತ್ತಿತ್ತು. ಆರು ತಿಂಗಳು ನೋಡಿದಳು. ಆಮೇಲೆ ಒಂದು ದಿನ ಕೋಟಿನ ತೋಳು ಮೇಲೇರಿಸುವುದಕ್ಕೆ ಬೇಸರವಾಗಿ ಬಿಟ್ಟಳು, ಮರುದಿನವೂ ಬಿಟ್ಟಳು. ಅಷ್ಟೇ.

ಉಗ್ರಾಣದಲ್ಲಿದ್ದದ್ದು ಮಂಜುಗಡ್ಡೆ. ಬೆಟ್ಟಗಳ ತಲೆಯ ಮೇಲೆ ಮಂಜು ಇದ್ದ ಕಾಲದಲ್ಲಿ ಯಾರೋ ಪುಣ್ಯಾತ್ಮರು ಹತ್ತಿ, ಕೊರೆದು, ತೋಳುದ್ದದ ಕಂಬಗಳಾಗಿ ತೆಗೆದು, ಕೊಳವೆಗಳಲ್ಲಿ ತುಂಬಿ ಇಳಿಸಿದ್ದರು. ಈಗ ಬೆಟ್ಟಗಳಿದ್ದವು, ಮಂಜಿರಲಿಲ್ಲ. ಬೇರೆ ಊರುಗಳ ಉಗ್ರಾಣಗಳು ಒಂದೊಂದಾಗಿ ಮುಚ್ಚಿ ತಮ್ಮಲ್ಲಿ ಉಳಿದದ್ದನ್ನು ಇಲ್ಲಿಗೆ ಕಳಿಸಿಬಿಟ್ಟಿದ್ದವು. ಒಂದೊಂದು ಕೊಳವೆಯಲ್ಲೂ ವರ್ಷಗಳು ಒಂದರ ಮೇಲೊಂದು ಕೂತಿದ್ದವು, ಮೇಲಿನವು ಬೆರಳಗಲ, ಆಳದವು ಉಗುರಿನಷ್ಟು ತೆಳ್ಳಗೆ; ಒಂದೊಂದು ವರ್ಷದೊಳಗೂ ಆ ವರ್ಷದ ಗಾಳಿ, ಸಾಸಿವೆಯಂಥ ಗುಳ್ಳೆಗಳಲ್ಲಿ. ಒಂದನೇ ಕೋಣೆಯಲ್ಲಿ ಈಚಿನ ಇನ್ನೂರೈವತ್ತು ವರ್ಷ. ಅವನ್ನು ಬೆಳಕಿಗೆ ಹಿಡಿದರೆ ಬೂದುಬಣ್ಣ, ಅಲ್ಲಲ್ಲಿ ಕಾಡಿಗೆಯ ಗೆರೆ, ಮನುಷ್ಯರ ಹೊಗೆ. ಎರಡನೇ ಕೋಣೆಯದು ಅದಕ್ಕೂ ಹಿಂದಿನದು, ನೂರ ಹದಿನಾರು ಕೊಳವೆ. ಅವನ್ನು ಬೆಳಕಿಗೆ ಹಿಡಿದರೆ ಹಿಡಿದ ಕೈ ಕಾಣುತ್ತಿತ್ತು. ಪ್ರತಿ ಕಂಬದ ಉದ್ದಕ್ಕೂ ಕಾಲುಭಾಗವನ್ನು ಯಾರೂ ಮುಟ್ಟಬಾರದು ಎಂಬ ಕಟ್ಟಳೆ ಇತ್ತು. ಅದು ಇನ್ನೂ ಹುಟ್ಟದವರ ಪಾಲು. ನಮಗೆ ಹೊಳೆಯದ ಪ್ರಶ್ನೆ ಅವರಿಗೆ ಹೊಳೆಯಬಹುದಲ್ಲ. ಮಗಳಿಗೆ ಇದನ್ನು ಹೇಳಿದಾಗ ಅವಳಿಗೆ ಏಳು ವರ್ಷ. "ನಾನು ಹುಟ್ಟಿಬಿಟ್ಟೆನಲ್ಲಮ್ಮ, ನನ್ನ ಪಾಲು ಹೋಯ್ತಾ?" ಎಂದು ಕೇಳಿದ್ದಳು. ಈಗ ಹದಿನಾರು. ಈಗ ಕೇಳುವುದೇ ಬೇರೆ. "ಫ್ರಿಜ್ ಕಾಯೋಕೆ ಹದಿನೆಂಟು ವರ್ಷ ಕೊಟ್ಟಿದ್ದೀಯಲ್ಲಮ್ಮ, ಅದನ್ನ ಕರಗಿಸಿ ಬೀದಿಗೊಂದು ಕೊಡ ಹಂಚಿದ್ರೆ ಜನ ಕೈ ಮುಗೀತಿದ್ರು," ಎಂದು ನಿನ್ನೆ, ರಜೆಯ ಎರಡನೇ ದಿನ, ನೆಲದ ಮೇಲೆ ಒದ್ದೆ ಬಟ್ಟೆ ಹಾಸಿಕೊಂಡು ಮಲಗಿದ್ದವಳು ಸೂರು ನೋಡುತ್ತ ಹೇಳಿದಳು. ತಾಯಿ ಉತ್ತರ ಕೊಡುವಾಗ ಮುಖವನ್ನು ಎಡಕ್ಕೆ ತಿರುಗಿಸಿದಳು. ಮಂಜುಗಡ್ಡೆಯ ಮೇಲೆ ಉಸಿರು ಬೀಳಬಾರದು, ಈಗಿನ ಗಾಳಿ ಆಗಿನ ಗಾಳಿಗೆ ತಾಗಬಾರದು, ಅದಕ್ಕೆ ಗರಗಸದ ಮುಂದೆ ಮಾತಾಡುವವರೆಲ್ಲ ಎಡಕ್ಕೆ ತಿರುಗಿ ಮಾತಾಡುತ್ತಾರೆ. ಅವಳಿಗೆ ಅದು ಮನೆಯಲ್ಲೂ ಅಂಟಿಕೊಂಡಿತ್ತು. "ನನ್ನ ಕಡೆ ತಿರುಗಿ ಮಾತಾಡಮ್ಮ, ನಾನೇನೂ ಕರಗಲ್ಲ," ಎಂದಳು ಮಗಳು.

ಹತ್ತು ಗಂಟೆಗೆ ಆಕಾಶದವನು ಬಂದ. ಆಕಾಶ ದುರಸ್ತಿ ಇಲಾಖೆಯವನು, ಮೂವತ್ತರ ಆಸುಪಾಸಿನ ಹುಡುಗ, ಕೈಯಲ್ಲಿ ತಂಪುಪೆಟ್ಟಿಗೆ, ಮೈಮೇಲೆ ಇನ್ನೂ ಚೀಟಿ ಕೀಳದ ದಪ್ಪ ಕೋಟು. ಗಾಳಿಯನ್ನು ಹಿಂದಿನ ಹಾಗೆ ಮಾಡಿಬಿಡುವ ಯಂತ್ರಗಳು ಸಮುದ್ರದ ದಡಗಳಲ್ಲಿ ಎದ್ದು ನಿಂತು ಹನ್ನೊಂದು ವರ್ಷವಾಗಿತ್ತು. ಆದರೆ ಹಿಂದಿನ ಹಾಗೆ ಎಂದರೆ ಯಾವಾಗಿನ ಹಾಗೆ? ಒಂದು ದೇಶದವರು ಈ ವರ್ಷದ ಗಾಳಿ ಬೇಕೆಂದರೆ ಇನ್ನೊಂದು ದೇಶದವರು ಆ ವರ್ಷದ್ದು ಎನ್ನುತ್ತಿದ್ದರು. ಒಂದರಲ್ಲಿ ಇವರಿಗೆ ಮಳೆ ಚೆನ್ನ, ಇನ್ನೊಂದರಲ್ಲಿ ಅವರಿಗೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಈಗ ಸದ್ಯಕ್ಕೊಂದು ವರ್ಷವನ್ನು ಪರೀಕ್ಷೆಗೆಂದು ಒಪ್ಪಿಕೊಂಡಿದ್ದರು, ಏಳು ಸಾವಿರದ ನೂರಾ ಆರು ವರ್ಷ ಹಿಂದಿನದು. ಅದು ಸರಿಹೋಗದಿದ್ದರೆ ಇನ್ನೊಂದು. "ಇದ್ದೇ ಇದೆಯಲ್ಲ ಇಡೀ ಕೋಣೆ, ಬೇಕಾದ್ದು ಆರಿಸ್ಕೊಳ್ಳಿ," ಎಂದು ಮೇಡಂ ಕಾಗದದಲ್ಲಿ ಬರೆದಿದ್ದರು. ಡಾಕ್ಟರಿಗೆ ಇದೆಲ್ಲ ತಮಾಷೆ. "ದುರಸ್ತಿ ಇಲಾಖೆ ಅಂದ್ಮೇಲೆ ಗೊತ್ತಾಯ್ತಲ್ಲ. ರಸ್ತೆ ಗುಂಡಿ ಮುಚ್ಚೋರು ಪಕ್ಕದಲ್ಲಿ ಇನ್ನೊಂದು ತೋಡಿ ಅದರ ಮಣ್ಣಲ್ಲೇ ಮುಚ್ಚೋದು."

ಆ ಕೊಳವೆಯನ್ನು ಅವಳು ರಜೆಗೆ ಮುಂಚೆಯೇ ಎರಡನೇ ಕೋಣೆಯ ಬಾಗಿಲ ಪಕ್ಕದ ಕಪಾಟಿನಲ್ಲಿ ತೆಗೆದಿಟ್ಟಿದ್ದಳು. ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡು, ಬಾಗಿಲು ನೂಕಿ, ಆಕಾಶದವನನ್ನು ಹಿಂದಿಟ್ಟುಕೊಂಡು ಒಳಗೆ ಹೋದಳು. ವಿದ್ಯುತ್ತು ಉಳಿಸಲು ಬಾಗಿಲ ಬಳಿಯ ದೀಪವೊಂದನ್ನೇ ಹಚ್ಚುತ್ತಿದ್ದರು. ಅದರಾಚೆ ಕಪಾಟುಗಳು ಕತ್ತಲೊಳಗೆ ಸಾಲಾಗಿ ಹೋಗುತ್ತಿದ್ದವು. ಫ್ಯಾನು ಗೊರ ಗೊರ ಎನ್ನುತ್ತಿತ್ತು. ಗೋಡೆಯ ಮಾಪಕ ಮೈನಸ್ ಮೂವತ್ತಾರು ತೋರಿಸುತ್ತಿತ್ತು. ಅವಳಿಗೆ ಈ ಕೋಣೆಗೆ ಬಂದಾಗಲೆಲ್ಲ ಎಚ್ಚರಕ್ಕೂ ನಿದ್ದೆಗೂ ನಡುವಿನ ಒಂದು ಸ್ಥಿತಿ ಬರುತ್ತಿತ್ತು. ಏಳು ಸಾವಿರ ವರ್ಷದ ಹಿಂದೆ ಎಲ್ಲೋ ಒಬ್ಬಳು ಕಾಡಿನಿಂದ ಪುಳ್ಳೆ ತಂದು ಇಳಿಸಿ ಉಸ್ಸಪ್ಪಾ ಎಂದಿರಬೇಕು. ಆ ಉಸಿರು ಎದ್ದು, ಗಾಳಿಯಲ್ಲಿ ಸೇರಿ, ಅಲೆದು, ಬೆಟ್ಟದ ಮೇಲೆ ಬಿದ್ದ ಮಂಜಿನೊಳಗೆ ಸಿಕ್ಕಿ, ಅವಳು ಸತ್ತು, ಅವಳ ಮಾತು ಸತ್ತು, ಅವಳ ದೇವರುಗಳು ಸತ್ತು, ಉಸಿರೊಂದು ಮಾತ್ರ ಈ ಕಪಾಟಿನಲ್ಲಿ ಸಂಖ್ಯೆ ಹಾಕಿಸಿಕೊಂಡು ಕೂತಿರಬೇಕು. ಕಪಾಟುಗಳ ನಡುವೆ ನಡೆಯುವಾಗ ಅವಳು ಮಲಗಿದವರ ಮನೆಯಲ್ಲಿ ನಡೆದಂತೆ ಹೆಜ್ಜೆಯಿಡುತ್ತಿದ್ದಳು.

ಆಗ ಅವಳಿಗೆ ತನ್ನ ಮುಖ ನೆನಪಾಯಿತು. ಬಾಗಿಲು ದಾಟಿದ ಕೂಡಲೇ ಕೆನ್ನೆಗೆ ಬೀಳುತ್ತಿದ್ದ ಏಟು ಬಿದ್ದಿರಲಿಲ್ಲ. ದಿನವೂ ಬೀಳುತ್ತಿತ್ತು, ಹದಿನೆಂಟು ವರ್ಷ, ಅಂಗೈ ಬಿಡಿಸಿ ಹೊಡೆದ ಹಾಗೆ. ಮೂಗಿನ ಕೂದಲು ಸೆಟೆದು ಚುಚ್ಚುತ್ತಿತ್ತು, ರೆಪ್ಪೆಗಳು ಒಂದಕ್ಕೊಂದು ಅಂಟುತ್ತಿದ್ದವು. ಈಗ ಏನೂ ಇಲ್ಲ. ಅವಳು ಮೂಗನ್ನು ಕುಗ್ಗಿಸಿ ಬಿಟ್ಟಳು. ಏನೂ ಇಲ್ಲ. ಬಂತು, ಎಂದುಕೊಂಡಳು. ಬೆರಳು ಮುಗಿಸಿ ಮುಖಕ್ಕೆ ಬಂತು. ಅವಳ ತಲೆಗೆ ಬೇರೆ ಯಾವ ಯೋಚನೆಯೂ ಬರಲಿಲ್ಲ. ಎರಡು ವರ್ಷದಿಂದ ಅವಳು ತನ್ನ ಮೈಯನ್ನು ಕಳ್ಳಮಾಲಿನ ಹಾಗೆ ಹೊತ್ತು ತಿರುಗುತ್ತಿದ್ದಳು. ಎಲ್ಲಿ ಏನು ಎಡವಟ್ಟಾದರೂ ಅವಳು ಮೊದಲು ತಡಕಿ ನೋಡುತ್ತಿದ್ದದ್ದು ತನ್ನ ಹೆಗಲನ್ನೇ. ಬೆರಳು ಹೋದರೆ ಕೈಗವಸಿನೊಳಗೆ ಮುಚ್ಚಿಡಬಹುದು, ಮುಖವನ್ನು ಎಲ್ಲಿ ಮುಚ್ಚಿಡುವುದು? ತುಟಿ ಜೋತುಬಿದ್ದರೆ? ಊಟ ಮಾಡುವಾಗ ಜೊಲ್ಲು ಸುರಿದು ಗೊತ್ತಾಗದಿದ್ದರೆ? ಮಗಳು ಒಂದು ಬಟ್ಟೆ ತಂದು ಏನೂ ಹೇಳದೆ ಒರೆಸುವುದು ಕಣ್ಣಿಗೆ ಕಟ್ಟಿತು. ಕೊಳವೆಯನ್ನು ಎದೆಗವಚಿಕೊಂಡು ನಿಂತಳು.

"ನಾನು ಸುಮ್ನೆ ಹೆದರಿದ್ದೆ," ಎಂದ ಆಕಾಶದವನು, ಕೋಟಿನ ಮೇಲಿನ ಗುಂಡಿ ತೆಗೆಯುತ್ತ. "ಒಳಗೆ ಅಷ್ಟೇನೂ ಚಳಿ ಇಲ್ಲ ಅಲ್ವಾ?"

ಹತ್ತೂಮುಕ್ಕಾಲು ಆಗಿತ್ತು. ಗಂಟೆ ನೋಡಿದ್ದು ಅವಳಿಗೆ ಆಮೇಲೂ ನೆನಪಿತ್ತು, ಯಾಕೆಂದರೆ ಅವನ ಮುಖ ನೋಡಲಾರದೆ ಗಡಿಯಾರ ನೋಡಿದ್ದಳು. ಆ ಒಂದು ಕ್ಷಣ ಅವಳೊಳಗೆ ಏನೋ ಎದ್ದು ಕೂತಿತು, ನಿದ್ದೆಯಲ್ಲಿ ಯಾರೋ ಹೆಸರು ಕೂಗಿದಂತೆ. ಆಮೇಲೆ ಅದನ್ನು ಅವಳೇ ತಟ್ಟಿ ಮಲಗಿಸಿದಳು. ಹೊಸ ಕೋಟಿನವರು ಎಲ್ಲರೂ ಹೀಗೆಯೇ. ಮೊದಲ ಸಲ ಬಂದವರು ಇದೇನು ಮಹಾ ಎನ್ನುತ್ತಾರೆ, ಹೊರಗೆ ಹೋಗಿ ಬಿಸಿನೀರಿನ ಲೋಟವನ್ನು ಎರಡು ಕೈಯಲ್ಲಿ ಹಿಡಿದು ನಡುಗುತ್ತಾರೆ. ಹುಡುಗನಿಗೆ ಹೌದಾ ಎಂದು ಕೇಳಿದರೆ, ನಿಮಗೆ ಗೊತ್ತಾಗ್ತಿಲ್ವಾ ಎಂದು ಅವನು ಕೇಳುತ್ತಾನೆ. ಗೊತ್ತಾಗುತ್ತಿಲ್ಲ ಎಂದು ಬಾಯಿಬಿಟ್ಟರೆ ಒಂದರ ಹಿಂದೆ ಒಂದು ಎಲ್ಲವೂ ಹೊರಗೆ ಬರುತ್ತದೆ. "ಅಭ್ಯಾಸ ಆಗುತ್ತೆ," ಎಂದಳು, ಎಡಕ್ಕೆ ತಿರುಗಿ.

ಗರಗಸದ ಕೋಣೆಯಲ್ಲಿ ಅವಳು ಕಣ್ಣಿನಿಂದ, ಕಿವಿಯಿಂದ ಕೊಯ್ಯುತ್ತಿದ್ದಳು. ಅಲಗು ಮಂಜುಗಡ್ಡೆಯೊಳಗೆ ನೇರ ಹೋದರೆ ಒಂದು ದನಿ, ಓರೆಯಾದರೆ ಇನ್ನೊಂದು. ಇವತ್ತು ಅಲಗು ಸ್ವಲ್ಪ ಮಂದವಾಗಿ ಹಾಡಿತು, ಕಂಬದ ಮೈ ಒಂದಿಷ್ಟು ಹಲಗೆಗೆ ಅಂಟಿತು. ಅದಕ್ಕೂ ತನ್ನ ಕೈಯನ್ನೇ ದೂರಿಕೊಂಡಳು. ಆಕಾಶದವನು ಪಕ್ಕದಲ್ಲಿ ನಿಂತು ಮರ್ಯಾದೆಯಿಂದಲೇ ಕೇಳಿದ: "ನೀವು ಓದಿದ್ದೂ ಇದೇ ವಿಷಯಾನಾ, ಇಲ್ಲ ಬರೀ ಕತ್ತರಿಸೋದಾ?" ಬರೀ ಕತ್ತರಿಸೋದು, ಎಂದಳು. ಹಿಂದೆ ಒಬ್ಬ ಪ್ರೊಫೆಸರು ತಮ್ಮ ಪುಸ್ತಕದ ಮೊದಲ ಪುಟದಲ್ಲಿ ಹನ್ನೆರಡು ಜನರಿಗೆ ಧನ್ಯವಾದ ಹೇಳಿದ್ದರು, ಗರಗಸ ರಿಪೇರಿ ಮಾಡಿದವನಿಗೂ. ಅವಳ ಹೆಸರು ಇರಲಿಲ್ಲ. ಅವತ್ತು ಅವಳು ಗಂಡನಿಗೆ, ನೀವು ಹೊಲಿದ ಕೋಟು ಹಾಕ್ಕೊಂಡೋರು ನಿಮ್ಮ ಹೆಸರು ಬೆನ್ನ ಮೇಲೆ ಬರ್ಕೊಳ್ತಾರಾ ಎಂದು ಕೇಳಿ ತಾನೇ ನಕ್ಕಿದ್ದಳು. ಏಳು ವರ್ಷಗಳ ದಪ್ಪದ ಒಂದು ಬಿಲ್ಲೆಯನ್ನು ಕೊಯ್ದು ಆಕಾಶದವನ ಪೆಟ್ಟಿಗೆಯಲ್ಲಿ ಇಟ್ಟಳು. ಅವನು ಸಹಿ ಹಾಕಿ ಹನ್ನೊಂದೂಕಾಲರ ರೈಲಿಗೆ ಹೋದ. ಉಳಿದ ಕಂಬವನ್ನು ಮತ್ತೆ ಎರಡನೇ ಕೋಣೆಯ ಬಾಗಿಲ ಪಕ್ಕ ಇಟ್ಟು, ಬಾಗಿಲು ಹಾಕಿ, ರಬ್ಬರು ಸವರಿ, ಫೋನಿನಲ್ಲಿ ಒಣ ಎಂದಳು.

ಹೊರಗೆ ಕೂತಳು. ಎರಡು ಗಂಟೆ ಕೂತಳು. ಲೋಟವನ್ನು ಕೆನ್ನೆಗೆ ಒತ್ತಿಕೊಂಡು ನೋಡಿದಳು, ಏನೋ ತಿಳಿದ ಹಾಗಾಯಿತು, ತಿಳಿದದ್ದೋ ತಿಳಿದೆನೆಂದುಕೊಂಡದ್ದೋ ಎಂದು ಗೊತ್ತಾಗಲಿಲ್ಲ. ರೆಪ್ಪೆಸಂದಿಯಿಂದ ನೋಡಿ ಉತ್ತರ ಹೇಳಿ ಹೇಳಿ ಅವಳಿಗೆ ತನ್ನ ಉತ್ತರವೇ ನಂಬಿಕೆಗೆ ಅರ್ಹವಾಗಿ ಕಾಣುತ್ತಿರಲಿಲ್ಲ. ಬುತ್ತಿ ಬಿಚ್ಚಿ ಮುಚ್ಚಿದಳು. ಒಂದೂವರೆಗೆ ಎದ್ದು, ಡಾಕ್ಟರಿಗೆ ಬರ್ತೀನಿ ಎಂದು ಹೇಳಿ, ಬಿಳಿ ಪರದೆಗಳ ಕೆಳಗೆ ಎರಡು ಬೀದಿ ದಾಟಿ ಗಂಡನ ಅಂಗಡಿಗೆ ಹೋದಳು.

ಅವನು ಹಳೆಯ ಸ್ವೆಟರೊಂದನ್ನು ಬಿಚ್ಚಿ ಉಂಡೆ ಸುತ್ತುತ್ತಿದ್ದ. ಈಗ ಸ್ವೆಟರು ಹಾಕುವವರಿಲ್ಲ. ದಾರ ಪರದೆಯ ಅಂಚಿಗೆ ಬರುತ್ತದೆ. ಬೆಂಚಿನ ಮೇಲೆ ಗಿರಾಕಿಯೊಬ್ಬ ಒಳಅಂಗಿಯಲ್ಲಿ ಕೂತು ತನ್ನ ಅಂಗಿ ಹೊಲಿದು ಕೊಡುವುದನ್ನು ಕಾಯುತ್ತಿದ್ದ.

"ಏನು ಈ ಹೊತ್ತಲ್ಲಿ?"

"ಸೂಜಿ ತಗೊಳ್ಳಿ. ಕೆನ್ನೆಗೆ ಚುಚ್ಚಿ."

"ಬಿಸಿಲು ತಲೆಗೇರಿತಾ?"

"ಚುಚ್ಚಿ ಅಂದ್ರೆ ಚುಚ್ಚಿ. ಕಣ್ಣು ಮುಚ್ಕೊಂಡಿದೀನಿ. ಯಾವಾಗ ಅಂತ ಹೇಳ್ಬೇಡಿ."

ಗಿರಾಕಿ ಎದ್ದು ನಿಂತ. "ನಾನು ಬೇಕಾದ್ರೆ ಆಮೇಲೆ ಬರ್ತೀನಿ ಕಣಪ್ಪ, ನಿಮ್ಮದು ಮನೆ ವಿಚಾರ."

"ಕೂತ್ಕೊಳ್ಳಿ ಸ್ವಾಮಿ, ಒಳಅಂಗೀಲಿ ಎಲ್ಲಿಗೆ ಹೋಗ್ತೀರಿ?" ಎಂದ ಗಂಡ. ಅವನ ದನಿ ಹಗುರವಾಗಿತ್ತು. ಆದರೆ ಕಾಲರಿನಿಂದ ಸೂಜಿ ಎಳೆದು ಇನ್ನೊಂದು ಕೈಯಿಂದ ಅವಳ ಗಲ್ಲವನ್ನು ಬಿಗಿಯಾಗಿ ಹಿಡಿದ, ಆ ಬಿಗಿ ಅವಳ ಗಲ್ಲಕ್ಕೆ ತಿಳಿಯಿತು. ಅವಳು ಕಣ್ಣನ್ನು ನಿಜವಾಗಿಯೂ ಮುಚ್ಚಿದಳು, ಅವನು ಬೆರಳಿಗೆ ಚುಚ್ಚಿದ ದಿನದ ನಂತರ ಮೊದಲ ಸಲ.

"ಅಯ್ಯೋ!" ಎಂದು ಕೂಗಿದಳು.

"ನೋಡ್ದ್ಯಾ? ರಕ್ತ ಬಂತು. ಕೆನ್ನೆ ಗಟ್ಟಿಮುಟ್ಟಾಗಿದೆ ಕಣೇ. ಆ ಕೆನ್ನೆಗೂ ಹಾಕ್ಲಾ ಒಂದು, ಜೋಡಿ ಆಗುತ್ತೆ." ಅವನು ನಕ್ಕ. ಗಿರಾಕಿಯೂ ಏನೆಂದು ತಿಳಿಯದೆ ನಕ್ಕ. ಅವಳೂ ನಕ್ಕಳು. ಕೆನ್ನೆ ಚುರುಚುರು ಎನ್ನುತ್ತಿತ್ತು, ಅದಕ್ಕಿಂತ ಸುಖವಾದದ್ದು ಲೋಕದಲ್ಲಿ ಇನ್ನೊಂದಿಲ್ಲವೆನ್ನಿಸಿ ಬೆಂಚಿನ ಮೇಲೆ ಕುಸಿದಳು. ನನಗೇನೂ ಆಗಿಲ್ಲ. ಮುಖ ನನ್ನದೇ. ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಐದು ಉಸಿರೋ ಆರೋ. ಆಮೇಲಿನ ದಿನಗಳಲ್ಲಿ ಅವಳಿಗೆ ಬೇರೆ ಎಲ್ಲದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಆ ಐದಾರು ಉಸಿರಿನ ಸಂತೋಷಕ್ಕೆ.

ಯಾಕೆಂದರೆ ಕೆನ್ನೆಗೆ ಏನೂ ಆಗಿಲ್ಲವಾದರೆ, ಬೆಳಿಗ್ಗೆ ಚಳಿ ತಿಳಿಯದಿದ್ದದ್ದು ಕೆನ್ನೆಯ ತಪ್ಪಲ್ಲ.

ಅವಳು ಎದ್ದ ರಭಸಕ್ಕೆ ದಾರದ ಉಂಡೆ ಉರುಳಿ ಬೀದಿಗೆ ಹೋಯಿತು. "ಏನಾಯ್ತೇ?" ಎಂದು ಗಂಡ ಕೂಗಿದ್ದು ಹಿಂದಿನಿಂದ ಕೇಳಿಸಿತು. ಪರದೆಗಳ ಕೆಳಗಿನ ಬಿಳಿ ಬೆಳಕಿನಲ್ಲಿ ಅವಳು ಓಡುತ್ತಿದ್ದಳು, ಕನಸಿನಲ್ಲಿ ಓಡಿದ ಹಾಗೆ, ಕಾಲು ಎತ್ತಿ ಇಟ್ಟರೂ ಬೀದಿ ಸರಿಯುತ್ತಿರಲಿಲ್ಲ. ಜನ ಬಾಯಿ ತೆರೆಯುತ್ತಿದ್ದರು, ಮಾತು ಕೇಳುತ್ತಿರಲಿಲ್ಲ. ಅಷ್ಟೇನೂ ಚಳಿ ಇಲ್ಲ ಅಲ್ವಾ ಎಂಬ ಒಂದು ಮಾತು ಮಾತ್ರ ಕಿವಿಯಲ್ಲಿತ್ತು, ಅದೂ ಆಕಾಶದವನ ದನಿಯಲ್ಲಲ್ಲ, ಅವಳದೇ ದನಿಯಲ್ಲಿ.

ಎರಡನೇ ಕೋಣೆಯ ಬಾಗಿಲ ಕೆಳಗಿಂದ ನೀರು ಹೊರಗೆ ಹರಿದು ಡಾಕ್ಟರ ಚಪ್ಪಲಿಯವರೆಗೆ ಬಂದಿತ್ತು. ಅವರು ಆಗಲೇ ಒಳಗಿನ ದೀಪಗಳನ್ನೆಲ್ಲ ಹಚ್ಚಿ, ಯಂತ್ರ ನಿಲ್ಲಿಸಿ, ಸಲಾಕೆ ಹಿಡಿದು ನಿಂತಿದ್ದರು. ಮೇಡಂ ಕಾಗದಗಳ ಕಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿಬಂದಿದ್ದರು. ತಂಪು ಬಿಡುವ ಜಾಲರಿಯ ಮೇಲೆ ಹಿಮ ಹಾಸಿಗೆಯಷ್ಟು ದಪ್ಪ ಕಟ್ಟಿತ್ತು. ಅದನ್ನು ಬಿಡಿಸಲೆಂದು ಇರುವ ಕಾಯಿಸುವ ತಂತಿ ರಜೆಯ ಮೊದಲ ದಿನ ತಾನಾಗಿ ಹೊತ್ತಿಕೊಂಡಿದೆ. ಹಿಮ ಬಿಟ್ಟರಲ್ಲವೇ ಅದು ಆರುವುದು, ಬಿಡಲೇ ಇಲ್ಲ, ಎರಡೂವರೆ ದಿನ ಉರಿದಿದೆ. ಫ್ಯಾನು ಆ ಬಿಸಿಯನ್ನು ಕೋಣೆಯ ಆ ತುದಿಗೆ ಎಸೆಯುತ್ತ ಬಂದಿದೆ. ಮಾಪಕದ ಮೂಗು ಹಿಮದೊಳಗೆ ಹೂತುಹೋಗಿ ತನ್ನ ಸುತ್ತಲಿನ ಚಳಿಯನ್ನಷ್ಟೇ ಹೇಳುತ್ತಿತ್ತು. ಮೈನಸ್ ಮೂವತ್ತಾರು, ಈಗಲೂ. ಡಾಕ್ಟರು ಇಷ್ಟನ್ನೂ ಯಾರಿಗೋ ಪಾಠ ಹೇಳುವವರಂತೆ ಹೇಳಿದರು. ಆಮೇಲೆ ಮಂಡಿಯೂರಿ ಬಾಗಿಲಿನ ಕೆಳಮೂಲೆಯ ರಬ್ಬರಿನ ಸೀಳಿನಲ್ಲಿ ಉಗುರು ತೂರಿಸಿದರು.

"ಬೆಳಿಗ್ಗೆ ಒಣಗಿತ್ತು ಅಂದ್ರಲ್ಲ ಅಕ್ಕ. ಹಾಗಾದ್ರೆ ಇದು ಆಮೇಲೆ ಹರಿದಿರ್ಬೇಕು." ಅವರು ಅವಳ ಮುಖ ನೋಡಲಿಲ್ಲ. "ಅಲ್ವಾ? ಆಮೇಲೇ ಹರಿದಿರ್ಬೇಕು."

ಬಾಗಿಲು ತೆರೆದುಕೊಟ್ಟ ಹಾಗಿತ್ತು. ಹೌದು ಎಂದರೆ ಸಾಕಿತ್ತು. ಮೂರು ವಾರದ ಹಿಮ ಅರ್ಧ ದಿನದಲ್ಲಿ ಕಟ್ಟುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ಆದರೂ ಕೇಳಿದರು. ಅವಳ ನಾಲಿಗೆಯ ತುದಿಗೆ ಹೌದು ಬಂತು, ನಿಂತಿತು.

"ನನ್ನ ಬೆರಳಿಗೆ ಏನೂ ಗೊತ್ತಾಗಲ್ಲ," ಎಂದಳು. "ಎರಡು ವರ್ಷ ಆಯ್ತು."

ಡಾಕ್ಟರು ಎದ್ದು ಬಂದರು. ಅವಳ ಬಲಗೈ ಎತ್ತಿಕೊಂಡು ತೋರುಬೆರಳನ್ನು ಎರಡು ಉಗುರುಗಳ ನಡುವೆ ಹಿಡಿದು ಹಿಂಡಿದರು, ಕಣ್ಣನ್ನು ಅವಳ ಕಣ್ಣಲ್ಲಿಟ್ಟು. ಇನ್ನೂ ಜೋರಾಗಿ ಹಿಂಡಿದರು. ಚರ್ಮ ಬಿಳಿಚಿತು, ಉಗುರಿನ ಎರಡು ಕಮಾನು ಮೂಡಿದವು. ಅವಳು ಯಾರೋ ಬೇರೆಯವರ ಕೈಗೆ ಆಗುತ್ತಿರುವುದನ್ನು ನೋಡುವಂತೆ ನೋಡಿದಳು. ಅವರಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಅವರು ಕೈಯನ್ನು ಮೆಲ್ಲಗೆ, ಒಡೆಯುವ ಸಾಮಾನಿನ ಹಾಗೆ, ಅವಳ ಪಕ್ಕಕ್ಕೆ ತಂದು ಬಿಟ್ಟರು. "ಮತ್ತೆ ನಾನು ದಿನಾ ಏನನ್ನ ಬರ್ಕೊಂಡೆ?" ಎಂದರು.

ಮೇಡಂ ನೀರಿಗೆ ಇಳಿದು ಒಳಗೆ ನಡೆದರು. ಇವರಿಬ್ಬರೂ ಹಿಂದೆ ಹೋದರು. ಕೊಳವೆಗಳ ಬಾಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕಪಾಟಿನಿಂದ ಕಪಾಟಿಗೆ, ಮೇಲಿನ ವರ್ಷ ಕೆಳಗಿನ ವರ್ಷದ ಮೇಲೆ. ಆಗ ಒಂದು ಸದ್ದು ಕೇಳಿಸತೊಡಗಿತು. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ, ಸಣ್ಣಗೆ, ಎಲ್ಲ ಕಡೆಯಿಂದ.

"ಅದೇನು?" ಎಂದರು ಡಾಕ್ಟರು. ಯಂತ್ರದ ಒಳಗನ್ನೆಲ್ಲ ಕೇಳಬಲ್ಲವರು ಇದನ್ನು ಕೇಳಿರಲಿಲ್ಲ.

"ಗಾಳಿ," ಎಂದಳು. "ಗುಳ್ಳೆ ಒಡೀತಿದೆ. ಒಳಗಿದ್ದದ್ದು ಹೊರಗೆ ಬರ್ತಿದೆ."

ಮೂವರೂ ನಿಂತರು. ಅವಳಿಗೆ ಉಸಿರು ಬಿಗಿಹಿಡಿಯಬೇಕೆನ್ನಿಸಿತು, ಹಿಡಿಯಲಾಗಲಿಲ್ಲ. ಎಳೆದುಕೊಂಡಳು. ಯಾರೂ ಎಳೆದುಕೊಳ್ಳದೆ ಸಾವಿರಾರು ವರ್ಷ ಇದ್ದ ಗಾಳಿ ಅವಳ ಮೂಗಿನಲ್ಲಿ ಹೋಯಿತು. ಏನೂ ವಾಸನೆಯಿರಲಿಲ್ಲ. ಏನೂ ಅನ್ನಿಸಲಿಲ್ಲ. ಒದ್ದೆ ರಟ್ಟಿನ ವಾಸನೆಯಷ್ಟೇ ಇತ್ತು, ಅದು ಕೊಳವೆಗಳದು. ಬೆರಗಾಗಬೇಕಿತ್ತೋ ಅಳಬೇಕಿತ್ತೋ, ಡಾಕ್ಟರು ಸೀನಿದರು. ಅಲ್ಲಿ ಆ ಕಾಲದ ಬೆಳಿಗ್ಗೆಗಳಿದ್ದವು, ಮನುಷ್ಯರು ಇನ್ನೂ ಊರು ಕಟ್ಟದ ನದಿದಡಗಳ ಬೆಳಿಗ್ಗೆಗಳು, ಅವು ಟಿಪ್ ಟಿಪ್ ಎಂದು ಎದ್ದು ತೆರೆದ ಬಾಗಿಲಿನಿಂದ ಓಣಿಗೆ, ಓಣಿಯಿಂದ ಬೀದಿಗೆ, ಬಿಳಿ ಪರದೆಗಳ ಕೆಳಗಿನ ಬಿಸಿಗೆ ಸೇರುತ್ತಿದ್ದವು. ಯಾರಿಗೂ ಗೊತ್ತಾಗದೆ ಮೊದಲ ಬೀದಿಯವರು ಅದನ್ನು ಉಸಿರಾಡಿ ಮುಗಿಸಿರಬೇಕು.

"ಒಂದನೇ ಕೋಣೆ?" ಎಂದರು ಮೇಡಂ.

"ಗಟ್ಟಿಯಾಗಿದೆ," ಎಂದರು ಡಾಕ್ಟರು. "ನಮ್ಮ ಹೊಗೆ ಹಾಗೇ ಇದೆ."

ಮೇಡಂ ಒಂದು ಸಲ ನಕ್ಕರು, ಆ ನಗು ನೋಡಲು ಚೆನ್ನಾಗಿರಲಿಲ್ಲ. "ಆ ಹುಡುಗನಿಗೆ ಫೋನ್ ಮಾಡ್ಬೇಕು. ಅವನ ಪೆಟ್ಟಿಗೆಯಲ್ಲಿರೋದೇ ಇನ್ನು ಎಲ್ಲ. ಹನ್ನೊಂದು ವರ್ಷ ಜಗಳ ಆಡಿದ್ರು, ಯಾವ ವರ್ಷ, ಯಾವ ವರ್ಷ ಅಂತ. ಇನ್ನು ಆಡೋ ಹಾಗಿಲ್ಲ. ಒಗ್ಗಲಿ ಬಿಡಲಿ, ಅದೊಂದೇ." ಆಮೇಲೆ ಕಾಗದದ ಕಟ್ಟನ್ನು ಒಣಗಿದ್ದ ಅಂಚಿನ ಮೇಲಿಟ್ಟು, ಒಂದು ಹಾಳೆ ತೆಗೆದು, ಅವಳ ಕಡೆ ತಿರುಗಿದರು. "ನೀವೇ ಹೇಳ್ಬೇಕು, ಗರಗಸದಕ್ಕ. ನಮ್ಮಲ್ಲಿ ಇವನ್ನ ನೋಡಿ ಹೇಳಬಲ್ಲೋರು ಬೇರೆ ಯಾರಿದ್ದಾರೆ? ಬೆಳಿಗ್ಗೆ ಹೊತ್ತಿಗೇ ಹೋಗಿಬಿಟ್ಟಿದ್ದದ್ದು ಯಾವುದು, ಬೆಳಿಗ್ಗೆ ಇನ್ನೂ ಇದ್ದದ್ದು ಯಾವುದು, ಬೇರೆ ಬೇರೆ ಬರೆಸಿ. ಎಷ್ಟು ಗಂಟೆಗೆ ಒಳಗೆ ಬಂದಿರಿ?"

"ಹತ್ತೂಮುಕ್ಕಾಲು."

ಅವಳು ಆ ತುದಿಯಿಂದ ಶುರು ಮಾಡಿದಳು. ಹಿಂದಿನ ಕಪಾಟುಗಳ ಕೊಳವೆಗಳಲ್ಲಿ ನೀರು ಸುಮ್ಮನಿತ್ತು, ಕೋಣೆಯಷ್ಟೇ ಬೆಚ್ಚಗಿತ್ತು. ಮಣಿಕಟ್ಟು ಅದ್ದಿ ನೋಡಿ, ಇದು ಮೊದಲೇ ಹೋದದ್ದು, ಎಂದು ಬರೆಸಿದಳು. ಮುಂದಿನ ಕಪಾಟುಗಳಲ್ಲಿ, ಈಗಿನ ಗಾಳಿ ತಾಗಿ ಇನ್ನು ಯಾವ ಪರೀಕ್ಷೆಗೂ ಬಾರದ ಚೂರುಗಳು ಇನ್ನೂ ತೇಲುತ್ತಿದ್ದವು, ಸಿಡಿಯುತ್ತಿದ್ದವು, ನೋಡುತ್ತಿದ್ದಂತೆ ಸಣ್ಣಗಾಗುತ್ತಿದ್ದವು. ಇದು ಬೆಳಿಗ್ಗೆ ಇತ್ತು, ಎಂದಳು. ಪ್ರತಿ ಕೊಳವೆಯ ಮೇಲಿನ ಸಂಖ್ಯೆ, ಅದರ ಮೇಲ್ತುದಿಯ ವರ್ಷ, ಕೆಳತುದಿಯ ವರ್ಷ. ಅವಳ ದನಿ ಎಲ್ಲೂ ತಡವರಿಸಲಿಲ್ಲ. ಡಾಕ್ಟರು ಬರೆದುಕೊಂಡರು, ಎರಡು ಸಲ ಕೇಳಿ ಖಚಿತ ಮಾಡಿಕೊಂಡು, ಪ್ರತಿ ಸಲವೂ ತಾವೇ ಒಮ್ಮೆ ಬಗ್ಗಿ ನೋಡಿ. ಐದು ಗಂಟೆಗೆ ಮುಗಿಯಿತು. ಮೇಡಂ ಕೂಡಿಸಿ ಕೆಳಗೆ ಬರೆದರು.

ಕೊಳವೆ, ನೂರ ಹದಿನಾರು. ವರ್ಷ, ಹನ್ನೊಂದು ಸಾವಿರದ ನಾನೂರ ಹನ್ನೆರಡು. ಅದರಲ್ಲಿ ಹತ್ತೂಮುಕ್ಕಾಲರ ನಂತರ ಹೋದದ್ದು ನಲವತ್ತೊಂದು ಕೊಳವೆ, ಮೂರು ಸಾವಿರದ ಅರವತ್ತೆಂಟು ವರ್ಷ.